ಬೆಣೆ

ತಳಿಯ ಮಂಜು ಬೆಳಿಗ್ಗೆ ಏಳಕ್ಕೆ
ಗಾಜುಮನೆಯ ಹೊರಗಿರಬೇಕು; ಒಳಗೂ ಇತ್ತು.
ಬಾಗಿಲ ಮೇಲ್ಮೂಲೆಯ ಸಂದಿಗೆ ಯಾರೋ ಗೋಣಿ ತುರುಕಿದ್ದರು,
ಅದೂ ನೆನೆದು ತೊಟ್ಟಿಕ್ಕುತ್ತಿತ್ತು ಜರ್ಬೆರಾ ಸಸಿಗಳ ಮೇಲೆ.

"ಮಳೆಗೆ ಊದ್ಕೊಂಡೈತೆ" ಅಂದ ಮೇಸ್ತ್ರಿ ಜಯಸೀಲನ್.
ಊದುವುದಕ್ಕೆ ಇದೇನು ಹಲಸಿನ ಹಲಗೆಯೆ? ಅಲ್ಯೂಮಿನಿಯಂ.
ನಾನು ಮಾತಾಡಲಿಲ್ಲ. ಮೊದಲು ನೆಲ ನೋಡಿದೆ.
ಬಾಗಿಲು ತನ್ನ ರೋಗ ಹೇಳಿಕೊಳ್ಳುವುದು ನೆಲದ ಹತ್ತಿರ:
ಸಿಮೆಂಟಿನ ಮೇಲೆ ಕುಡುಗೋಲಿನ ಹಾಗೆ ಬಾಗಿದ ಗೀರು,
ವರ್ಷಗಟ್ಟಲೆ ಉಜ್ಜಿ ಬೆಳ್ಳಗಾದದ್ದು.

ಬೀಗದ ನಾಲಿಗೆ ಜಾರಿದಂತೆಲ್ಲ ಜಯಸೀಲನ್
ಪ್ರತಿ ದೀಪಾವಳಿಗೆ ಅರ ಹಿಡಿದು
ತೂತನ್ನೇ ಕೆಳಕ್ಕೆ ತಂದಿದ್ದಾನೆ.
ಬಾಗಿಲು ಇಳಿದಷ್ಟೂ ಅವನೂ ಇಳಿದಿದ್ದಾನೆ.
ಈಗ ಅದು ತೂತಲ್ಲ, ಹೆಬ್ಬೆರಳುದ್ದದ ಸೀಳು.

ಸಿಂಗಾರಮ್ಮ ತೋರಿಸಿಕೊಟ್ಟಳು ತೆರೆಯುವ ಬಗೆ:
ಎಡಗೈಲಿ ಟ್ರೇ, ಬಲಗೈ ಹಿಡಿಯ ಕೆಳಗೆ,
ಮಂಡಿಯಿಂದ ಎತ್ತಿ, ಉಸಿರು ಕಟ್ಟಿ, ಸೊಂಟದಿಂದ ನೂಕು.
ದಿನಕ್ಕೆ ನಲವತ್ತು ಸಲ.
ಅವಳ ಬಲ ಮಂಡಿಯ ನೋವಿಗೆ
ಡೆಂಕಣಿಕೋಟೆ ಆಸ್ಪತ್ರೆಯವರು ಬರೆದದ್ದು ಬೇರೆ ಕಾರಣ.
"ವಯಸ್ಸಾಯ್ತು ಅಂದ್ರು." ಅವಳಿಗೆ ಮೂವತ್ತೆಂಟು.

ಕೀಲು ಅಲ್ಲಾಡಿಸಿದೆ: ಗಟ್ಟಿ. ತಿರುಪು ಬಿಗಿ.
ಮೂಲೆಯ ರಬ್ಬರು ಕುಗ್ಗಿ ಒಣಗಿದ ಎರೆಹುಳುವಾಗಿತ್ತು,
ನೀರು ಹೋಗುವ ತೂತಿಗೆ ಇರುವೆ ಮಣ್ಣು ಕಟ್ಟಿತ್ತು.
ಇವೆಲ್ಲ ಕೆಮ್ಮು ನೆಗಡಿ. ರೋಗ ಗಾಜಿನ ಅಡಿಯಲ್ಲಿದೆ.
"ಯಾವ ಮುಠ್ಠಾಳ ಕೂರಿಸಿದ್ದು ಈ ಗಾಜನ್ನ?" ಎಂದೆ.
ಹಿಂದಿನ ಕೆಲಸದವನನ್ನು ಬೈಯದೆ
ನಮ್ಮಲ್ಲಿ ಯಾರೂ ಉಳಿ ಎತ್ತುವುದಿಲ್ಲ.

ಪಟ್ಟಿ ಬಿಡಿಸಿ, ಗಾಜನ್ನು ಸನ್ನೆಗೋಲಲ್ಲಿ ಕೂದಲೆಳೆ ಎತ್ತಿದಾಗ
ಬೆಣೆ ಜಾರಿ ಬಂತು ಅಂಗೈಗೆ.
ಪ್ಲಾಸ್ಟಿಕ್ ಸ್ಕೇಲಿನ ತುಂಡು,
ಹನ್ನೊಂದರಿಂದ ಹದಿನೈದರವರೆಗೆ.
ಹಿಂದೆ ಕಾಂಪಾಸಿನ ಮೊನೆಯಲ್ಲಿ ಕೆತ್ತಿದ ತಮಿಳು ಅಕ್ಷರ:
ಪಾರ್ಕವಿ.

ಭಾರ್ಗವಿ ಅದು. ನನ್ನ ಮಗಳು, ಆಗ ಆರನೇ ಕ್ಲಾಸು.
ಅವಳ ಶಾಲೆಯಲ್ಲಿ ಭಕ್ಕೂ ಪಕ್ಕೂ ಒಂದೇ ಮನೆ,
ಗಕ್ಕೂ ಕಕ್ಕೂ ಒಂದೇ ಮನೆ;
ಹೆಸರನ್ನು ಹಟ್ಟಿಗೆ ಬಂದು ಬಿಡಿಸಿಕೊಳ್ಳುತ್ತಿದ್ದಳು.
ಸ್ಕೇಲೆಲ್ಲಿ ಅಂತ ಎರಡು ದಿನ ಅತ್ತಿದ್ದಳು.
ಬೆಣೆ ತರಲು ಹೊಸೂರಿಗೆ ಹೋಗುವ ಸೋಮಾರಿತನಕ್ಕೆ
ನಾನೇ ಮುರಿದಿದ್ದೆ.
ಇಂಥ ಗಾಜುಮನೆ ಎಷ್ಟು ಮಾಡಿದ್ದೇನೋ ಈ ದಿಕ್ಕಿನಲ್ಲಿ,
ಇದರ ಬೋರ್ಡು ಬದಲಾಗಿತ್ತು, ಮಾಲೀಕನೂ.
ಮುರಿದು ಇಟ್ಟಿದ್ದೆ
ಬೀಗದ ಕಡೆಯ ಕೆಳಮೂಲೆಗೆ.

ತಪ್ಪು ಮೂಲೆ.
ಗಾಜಿನ ಭಾರ ಕೀಲಿನ ಬುಡದಲ್ಲಿ ಕೂರಬೇಕು,
ಎದುರು ಬದಿಯ ತಲೆಗೆ ಇನ್ನೊಂದು ಬೆಣೆ ಬಿಗಿಯಬೇಕು,
ಓರೆಗೆ, ಹೆಗಲಿಂದ ಸೊಂಟಕ್ಕೆ ಇಳಿಬಿಟ್ಟ ಚೀಲದ ಪಟ್ಟಿಯ ಹಾಗೆ.
ಆಗ ಗಾಜೇ ಬಾಗಿಲನ್ನು ಎತ್ತಿ ಹಿಡಿಯುತ್ತದೆ.
ನಾನು ಅದನ್ನು ತುದಿಗೆ ನೇತುಹಾಕಿ ಹೋಗಿದ್ದೆ. ಆರು ವರ್ಷ.

ಯಾರೂ ನೋಡುತ್ತಿರಲಿಲ್ಲ. ಸ್ಕೇಲು ಜೇಬಿಗಿಳಿಯಿತು.
ಬೆಣೆಗಳು ತಮ್ಮ ತಮ್ಮ ಮೂಲೆಗೆ.
ರಬ್ಬರನ್ನು ಅಳತೆಗಿಂತ ಎರಡು ಬೆರಳು ಉದ್ದ ಕೊಯ್ದು
ಒತ್ತಿ ಒತ್ತಿ ತುಂಬಿದೆ, ಬಿಸಿಲಿಗೆ ಕುಗ್ಗಿದರೂ ಮಿಗಲಿ ಅಂತ.
ಬೀಗದ ಎದುರಿಗೆ ಹೊಸ ತಗಡು. ಹಳೆಯದನ್ನು
ಜಯಸೀಲನ್ ಕೇಳಿ ಇಸಕೊಂಡ, ಯಾಕೋ.

ಹನ್ನೊಂದಕ್ಕೆ ಸಿಂಗಾರಮ್ಮ ಟ್ರೇ ಹಿಡಿದು ಬಂದಳು,
ಮಂಡಿ ಎತ್ತಿದಳು, ಉಸಿರು ಕಟ್ಟಿ ಸೊಂಟ ನೂಕಿದಳು.
ಬಾಗಿಲು ಹಾರಿ ತೆರೆಯಿತು. ಮುಗ್ಗರಿಸಿ ಒಳಗೆ ಬಿದ್ದಳು,
ಮೂವತ್ತು ಸಸಿ ನೆಲಕ್ಕೆ.
ಕೂತಲ್ಲೇ ಬಾಗಿಲು ನೋಡಿದಳು, ನನ್ನನ್ನು ನೋಡಿದಳು.
"ಏನಣ್ಣ, ಮೊದ್ಲೇ ಹೇಳೋದಲ್ವಾ?"

ಹೇಳಬೇಕಿತ್ತು. ಸಸಿ ಆಯುತ್ತಾ ಕೂತೆ ಅವಳ ಜೊತೆ.
ಜೇಬಿನ ಸ್ಕೇಲು ತೊಡೆಗೆ ಚುಚ್ಚುತ್ತಿತ್ತು.
ಕೂಲಿ ಬೇಡ, ರಬ್ಬರಿನ ದುಡ್ಡು ಸಾಕು ಅಂದಾಗ
ಜಯಸೀಲನ್ ಅನುಮಾನದಿಂದ
ಬಾಗಿಲನ್ನು ಮತ್ತೊಮ್ಮೆ ತೆರೆದು ಮುಚ್ಚಿದ.